ಪ್ರಸಾದ ನಿಲಯಕ್ಕೊಂದು ಜಾಲತಾಣ

ಎರಡು ವರ್ಷಗಳ ಹಿಂದಿನ ಮಾತು. ಕಾರಹುಣ್ಣಿಮೆ ಕಳೆದ ವಾರದಲ್ಲಿ ನಮ್ಮ ಪ್ರಸಾದ ನಿಲಯದ ಕಚೇರಿಗೆ ತಾಯಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದರು. ಎರಡು ಬಸ್ಸು ಬದಲಿಸಿ ಬಂದ ದಣಿವು ಅವರ ಮುಖದಲ್ಲಿ ಕಾಣುತ್ತಿತ್ತು. ಹುಡುಗನ ಕೈಯ ಚೀಲದಲ್ಲಿ ಅಂಕಪಟ್ಟಿ, ವರ್ಗಾವಣೆ ಪತ್ರ, ತಹಶೀಲ್ದಾರರ ಕಚೇರಿಯ ಆದಾಯ ಪ್ರಮಾಣಪತ್ರ ಎಲ್ಲವೂ ಒಂದರ ಮೇಲೊಂದು ಅಚ್ಚುಕಟ್ಟಾಗಿ ಇದ್ದವು. ‘ಇವತ್ತ ಕಡೀ ದಿನ ಅಂತ ನೆಟ್ಟಿನ್ಯಾಗ ಐತ್ರಿ’ ಎಂದು ಆ ತಾಯಿ ಹೇಳಿದಾಗ ನಮ್ಮ ಗುಮಾಸ್ತರು ತಲೆ ತಗ್ಗಿಸಿದರು. ಅರ್ಜಿಯ ಕೊನೆಯ ದಿನ ಕಳೆದು ಹತ್ತು ದಿನಗಳಾಗಿದ್ದವು, ಸ್ಥಾನಗಳೆಲ್ಲ ತುಂಬಿಹೋಗಿದ್ದವು. ಅವರ ಊರಿನ ಮಾಸ್ತರರು ಮೊಬೈಲಿನಲ್ಲಿ ನೋಡಿ ಹೇಳಿದ ದಿನಾಂಕ ಸುಳ್ಳಾಗಿರಲಿಲ್ಲ. ಅದು ಹಿಂದಿನ ವರ್ಷದ ದಿನಾಂಕವಾಗಿತ್ತು. ತಿಂಗಳು, ತಾರೀಖು ಬರೆದವರು ಇಸವಿಯನ್ನು ಬರೆದಿರಲಿಲ್ಲ. ಬರೆದದ್ದನ್ನು ಮರುವರ್ಷ ತಿದ್ದುವವರೂ ಇರಲಿಲ್ಲ.

ಆ ಹುಡುಗ ಆ ವರ್ಷ ನಮ್ಮಲ್ಲಿ ಸೇರಲಾಗಲಿಲ್ಲ. ಮರುವರ್ಷ ಬಂದು ಸೇರಿದ. ನಡುವಿನ ಒಂದು ವರ್ಷ ಹೊಲದ ಕೂಲಿಯಲ್ಲಿ ಕಳೆದಿತ್ತು. ಈ ಲೇಖನಕ್ಕೆ ಅವನೇ ಕಾರಣನೆಂದರೂ ಸಲ್ಲುತ್ತದೆ.

ಅಷ್ಟರಿಂದಲೂ ನಮಗೆ ಎಚ್ಚರ ಬರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಅದೇ ವರ್ಷದ ಚಳಿಗಾಲದಲ್ಲಿ ಇನ್ನೊಂದು ಆಯಿತು. ನಮ್ಮ ದಿನದರ್ಶಿಕೆಯ ಹಿಂಬದಿಯಲ್ಲಿ ಅಚ್ಚಾಗಿದ್ದ ಜಾಲತಾಣದ ವಿಳಾಸವನ್ನು ಒತ್ತಿ ನೋಡಿದ ಹಿರಿಯ ದಾನಿಗಳೊಬ್ಬರು ದೂರವಾಣಿ ಮಾಡಿ, ‘ಗುರುಗಳೇ, ನಿಮ್ಮ ನಿಲಯದವರು ಇಸ್ಪೀಟಾಟ ಯಾವಾಗ ಸುರುಮಾಡಿದ್ರಿ?’ ಎಂದು ಕೇಳಿದರು. ಹಾಸ್ಯವೆಂದು ತಿಳಿದೆ. ಕಚೇರಿಯ ಗಣಕಯಂತ್ರದಲ್ಲಿ ನೋಡಿದಾಗ ನಮ್ಮ ನಿಲಯದ ಹೆಸರಿನ ಕೆಳಗೆ ಹಣ ಕಟ್ಟಿ ಆಡುವ ಜೂಜಿನ ಜಾಹೀರಾತುಗಳು ಕುಣಿಯುತ್ತಿದ್ದವು. ಅದೇ ವಿಳಾಸ ನಮ್ಮ ರಸೀದಿ ಪುಸ್ತಕಗಳ ಮೇಲೆ, ಲೆಕ್ಕಪತ್ರದ ವರದಿಯ ಮೇಲೆ, ಊರ ಹೆದ್ದಾರಿಯ ಫಲಕದ ಮೇಲೆಯೂ ಇತ್ತು.

ನಡೆದದ್ದು ಇಷ್ಟು. ಹತ್ತಾರು ವರ್ಷಗಳ ಹಿಂದೆ ಜಿಲ್ಲಾ ಕೇಂದ್ರದ ಒಬ್ಬ ಅಂಗಡಿಕಾರರು ನಮಗೆ ಆ ತಾಣವನ್ನು ಮಾಡಿಕೊಟ್ಟಿದ್ದರು. ಹೆಸರನ್ನು ನೋಂದಾಯಿಸುವಾಗ ತಮ್ಮದೇ ಹೆಸರು, ತಮ್ಮದೇ ಮಿಂಚಂಚೆ ಕೊಟ್ಟಿದ್ದರು. ಅದರಲ್ಲಿ ಕಪಟವೇನೂ ಇರಲಿಲ್ಲ. ನಾವೇ ‘ಎಲ್ಲಾ ನೀವೇ ನೋಡ್ಕೋರಿ’ ಎಂದಿದ್ದೆವು. ಮುಂದೆ ಅವರು ಅಂಗಡಿ ಮುಚ್ಚಿ ಬೇರೆ ಊರಿಗೆ ಹೋದರು. ಹೆಸರಿನ ಅವಧಿ ಮುಗಿಯುತ್ತಿದೆ ಎಂಬ ಸೂಚನಾ ಪತ್ರಗಳು ಅವರ ಹಳೆಯ ಮಿಂಚಂಚೆಗೆ ಬಂದು ಬಿದ್ದವು, ಓದುವವರಿರಲಿಲ್ಲ. ಡಾಟ್ ಕಾಮ್ ಎಂಬ ಬಾಲವುಳ್ಳ ಹೆಸರಿನ ಅವಧಿ ಮುಗಿದರೆ ಅದು ಒಡನೆಯೇ ಪರರ ಪಾಲಾಗುವುದಿಲ್ಲ. ನೋಂದಣಿ ಸಂಸ್ಥೆಯವರು ಸಾಮಾನ್ಯವಾಗಿ 45 ದಿನಗಳವರೆಗೆ ಕಾಯಬಹುದು. ತರುವಾಯ ಅಳಿಸಿದ ಮೇಲೂ ದಂಡ ತೆತ್ತು ಬಿಡಿಸಿಕೊಳ್ಳಲು 30 ದಿನ. ಕೊನೆಗೆ 5 ದಿನ, ಆಗ ಯಾರೂ ಏನೂ ಮಾಡುವಂತಿಲ್ಲ. ಆಮೇಲೆ ಮೊದಲು ಕೇಳಿದವರಿಗೆ ಹೆಸರು ಸೇರುತ್ತದೆ. ಇಷ್ಟು ದಿನಗಳ ಅವಕಾಶವಿದ್ದೂ ನಾವು ಕಳೆದುಕೊಂಡೆವು. ಹೆಸರಿದ್ದ ತಾಣಗಳಿಗೆ ಜನ ಬರುತ್ತಲೇ ಇರುತ್ತಾರಾದ್ದರಿಂದ ಇಂಥ ಬಿಟ್ಟ ಹೆಸರುಗಳನ್ನೇ ಹುಡುಕಿ ಕೊಳ್ಳುವ ವ್ಯಾಪಾರವೊಂದು ಜಗತ್ತಿನಲ್ಲಿ ನಡೆದಿದೆಯೆಂದು ಆಗ ತಿಳಿಯಿತು.

ಹೊಸ ತಾಣದ ಯೋಜನೆ ಹೀಗೆ ಅವಮಾನದಿಂದ ಆರಂಭವಾಯಿತು. ಈ ಕಾರ್ಯಕ್ಕೆ ಆಡಳಿತ ಮಂಡಳಿಯವರು ಮೂವರ ಉಪಸಮಿತಿಯನ್ನು ಮಾಡಿ, ಅದರಲ್ಲಿ ನನ್ನನ್ನೂ ಸೇರಿಸಿದರು. ಮಠದ ಪಾಠಶಾಲೆಯಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಬಾಯಿಪಾಠ ಮಾಡಿದ ನನಗೆ ಗಣಕಯಂತ್ರದ ಗಂಧ ಅಲ್ಪ. ಆದರೆ ನಮ್ಮ ನಿಲಯದಲ್ಲೇ ಉಂಡು ಓದಿ ಈಗ ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ರಜೆ ಹಾಕಿ ಬಂದು ನಮ್ಮೊಡನೆ ಕುಳಿತ. ತಮ್ಮ ಊರಿನಲ್ಲಿ ಶಾಲೆ, ಸಂಘ, ಪತ್ತಿನ ಸಹಕಾರಿ, ವಾಚನಾಲಯ ನಡೆಸುವ ಓದುಗ ಬಂಧುಗಳಿಗೆ ನಮ್ಮ ಅನುಭವ ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಭೆಯಲ್ಲಿ ಎಲ್ಲರ ಮನಸ್ಸಿನಲ್ಲಿಯೂ ಒಂದೊಂದು ಚಿತ್ರವಿತ್ತು. ಒಬ್ಬರಿಗೆ ಅಧ್ಯಕ್ಷರ ಭಾವಚಿತ್ರ ಮೊದಲ ಪುಟದಲ್ಲಿ ಬರಬೇಕು. ಇನ್ನೊಬ್ಬರಿಗೆ ಪುಟ ತೆರೆದೊಡನೆ ಸಂಗೀತ ಕೇಳಿಸಬೇಕು. ಮತ್ತೊಬ್ಬರಿಗೆ ಕಟ್ಟಡದ ಚಿತ್ರ ಆಕಾಶದಿಂದ ತೆಗೆದದ್ದೇ ಆಗಬೇಕು. ಬಣ್ಣದ ಬಗೆಗೆ ಅರ್ಧ ತಾಸು ಚರ್ಚೆಯಾಯಿತು. ಆ ಹುಡುಗ ಎಲ್ಲವನ್ನೂ ಕೇಳಿ, ‘ಗುರುಗಳೇ, ತಾಣ ನೋಡಾಕ ಯಾರು ಬರ್ತಾರ? ಬಂದವರಿಗೆ ಏನು ಬೇಕಾಗಿರತದ?’ ಎಂದು ಕೇಳಿದ. ಸಭೆ ಸುಮ್ಮನಾಯಿತು. ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಉತ್ತರ ನಮ್ಮ ಗುಮಾಸ್ತರ ಮೇಜಿನ ಮೇಲೆಯೇ ಇತ್ತು. ಒಂದು ತಿಂಗಳ ಕಾಲ ಕಚೇರಿಗೆ ಬಂದ ಪ್ರತಿಯೊಂದು ಕರೆಯನ್ನೂ, ಬಾಗಿಲಿಗೆ ಬಂದ ಪ್ರತಿಯೊಬ್ಬರ ಪ್ರಶ್ನೆಯನ್ನೂ ಒಂದು ವಹಿಯಲ್ಲಿ ಬರೆದಿಡಬೇಕೆಂದು ನಿರ್ಣಯಿಸಿದೆವು. ತಿಂಗಳು ಮುಗಿದ ಮೇಲೆ ವಹಿಯನ್ನು ಬಿಚ್ಚಿ ನೋಡಿದರೆ ಅಧ್ಯಕ್ಷರ ಸಂದೇಶವನ್ನು ಕೇಳಿದವರು ಒಬ್ಬರೂ ಇಲ್ಲ. ಅರ್ಧಕ್ಕಿಂತ ಹೆಚ್ಚಿನ ಪ್ರಶ್ನೆಗಳು ಪ್ರವೇಶದವು: ಅರ್ಜಿ ಯಾವಾಗ, ಯಾವ ಕಾಗದಪತ್ರ ಬೇಕು, ಎಷ್ಟನೆಯ ತರಗತಿಯಿಂದ, ಬೇರೆ ಜಾತಿಯ ಮಕ್ಕಳಿಗೂ ಅವಕಾಶವಿದೆಯೇ, ಹಾಸಿಗೆ ತರಬೇಕೇ. ಅನಂತರದವು ದಾನಿಗಳ ಪ್ರಶ್ನೆಗಳು: ಮಗನ ಜನ್ಮದಿನದಂದು ಒಂದು ದಿನದ ದಾಸೋಹಕ್ಕೆ ಎಷ್ಟು, ತೆರಿಗೆ ವಿನಾಯಿತಿಯ ರಸೀದಿ ಸಿಕ್ಕೀತೇ. ಉಳಿದವು ಹಳೆಯ ವಿದ್ಯಾರ್ಥಿಗಳವು. ಬಸ್ ನಿಲ್ದಾಣದಿಂದ ನಿಲಯಕ್ಕೆ ದಾರಿ ಯಾವುದೆಂಬ ಪ್ರಶ್ನೆ ನಮ್ಮೆಲ್ಲರನ್ನೂ ಬೆರಗುಗೊಳಿಸುವಷ್ಟು ಬಾರಿ ಬಂದಿತ್ತು. ನಮಗೆ ದಾರಿ ಗೊತ್ತಿರುವುದರಿಂದ ಅದೊಂದು ಪ್ರಶ್ನೆಯೆಂದೇ ನಮಗೆ ಹೊಳೆದಿರಲಿಲ್ಲ.

ಈ ಕ್ರಮ ನಮ್ಮ ಹುಡುಗನ ಸ್ವಂತ ಕಲ್ಪನೆಯಲ್ಲವಂತೆ. ಬ್ರಿಟನ್ ಸರಕಾರ ಚದುರಿಹೋಗಿದ್ದ ತನ್ನ ಜಾಲತಾಣಗಳನ್ನು 2012 ರಿಂದ ಒಂದೇ ತಾಣದ ಅಡಿಯಲ್ಲಿ ತರುವಾಗ, ಇಲಾಖೆಗೆ ಹೇಳಬೇಕಾದದ್ದು ಏನೆಂಬುದನ್ನು ಬದಿಗಿಟ್ಟು, ಪ್ರಜೆಗೆ ಬೇಕಾದದ್ದು ಏನೆಂಬುದರಿಂದಲೇ ಆರಂಭಿಸಬೇಕೆಂಬ ನಿಯಮ ಮಾಡಿಕೊಂಡಿತು. ಚಿತ್ರವಿಲಾಸವೇನೂ ಇಲ್ಲದ, ಬರಹವೇ ಮುಖ್ಯವಾದ ಆ ತಾಣಕ್ಕೆ 2013 ರಲ್ಲಿ ಲಂಡನ್ನಿನ ವಿನ್ಯಾಸ ಸಂಗ್ರಹಾಲಯದವರು ಆ ವರ್ಷದ ಶ್ರೇಷ್ಠ ವಿನ್ಯಾಸವೆಂಬ ಪ್ರಶಸ್ತಿಯನ್ನಿತ್ತರು. ಬಣ್ಣದ ಚರ್ಚೆ ನಮ್ಮಲ್ಲಿ ಅಲ್ಲಿಗೆ ನಿಂತಿತು.

ಇನ್ನೂ ಹಿಂದಕ್ಕೆ ಹೋದರೆ, ಜಾಲ ಹುಟ್ಟಿದ್ದೇ ಒಂದು ಸಂಸ್ಥೆಯ ಮರೆವಿನ ಚಿಂತೆಯಿಂದ. ಜಿನೀವಾದ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989 ರ ಮಾರ್ಚ್ ತಿಂಗಳಲ್ಲಿ ತಮ್ಮ ಮೇಲಧಿಕಾರಿಗಳಿಗೆ ಒಂದು ಪ್ರಸ್ತಾವವನ್ನು ಬರೆದು ಕೊಟ್ಟರು. ಅಲ್ಲಿಗೆ ಬರುವ ವಿಜ್ಞಾನಿಗಳು ಎರಡು ವರ್ಷವಿದ್ದು ಹೋಗಿಬಿಡುತ್ತಾರೆ; ಅವರೊಡನೆ ಅವರು ತಿಳಿದದ್ದೂ ಹೋಗಿಬಿಡುತ್ತದೆ; ಅದನ್ನು ಉಳಿಸಿಕೊಳ್ಳುವ ಬಗೆ ಹೇಗೆ ಎಂಬುದೇ ಅದರ ತಿರುಳು. ಆ ಪ್ರಯೋಗಾಲಯವು 1993 ರ ಏಪ್ರಿಲ್ 30 ರಂದು ಜಾಲದ ತಂತ್ರಾಂಶವನ್ನು ಯಾರ ಹಂಗೂ ಇಲ್ಲದೆ ಸರ್ವರೂ ಬಳಸಬಹುದೆಂದು ಬಿಟ್ಟುಕೊಟ್ಟಿತು. ಪ್ರಸಾದ ನಿಲಯದ ಸ್ಥಿತಿಯೂ ಆ ಪ್ರಯೋಗಾಲಯದಂತೆಯೇ ಅಲ್ಲವೇ? ಹುಡುಗರು ಮೂರು ವರ್ಷ, ಐದು ವರ್ಷ ಇದ್ದು ಹೋಗುತ್ತಾರೆ. ಕಾರ್ಯದರ್ಶಿಗಳು ಬದಲಾಗುತ್ತಾರೆ. ಯಾವ ದಾನಿ ಯಾವ ಕೊಠಡಿ ಕಟ್ಟಿಸಿದರೆಂಬುದು ಅಡಿಗೆಯ ಹಿರಿಯರೊಬ್ಬರ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ.

ಹೆಸರಿನ ಸಂಗತಿಗೆ ಬರೋಣ. ಜಾಲತಾಣಗಳಿಗೆ ಅಂಕಿಗಳ ಬದಲು ಹೆಸರನ್ನು ಕೊಡುವ ಈಗಿನ ಪದ್ಧತಿಯನ್ನು 1983 ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ರೂಪಿಸಿದರು. ನಮ್ಮ ದೇಶದ ಡಾಟ್ ಇನ್ ಹೆಸರುಗಳು 2005 ರಲ್ಲಿ ಜನಸಾಮಾನ್ಯರಿಗೆ ಸುಲಭವಾಗಿ ಸಿಗುವಂತಾದವು. ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಎಂದು ಕೊನೆಗೊಳ್ಳುವ ಹೆಸರುಗಳೂ ಈಗ ದೊರೆಯುತ್ತವೆ. ನಾನಂತೂ ಕನ್ನಡದ ಹೆಸರೇ ಮೊದಲಿರಲೆಂದು ಹಟ ಹಿಡಿದೆ. ಆದರೆ ಬ್ಯಾಂಕಿನ, ಸರಕಾರದ ಎಷ್ಟೋ ಅರ್ಜಿ ನಮೂನೆಗಳು ಕನ್ನಡ ಲಿಪಿಯ ಮಿಂಚಂಚೆ ವಿಳಾಸವನ್ನು ಒಪ್ಪಿಕೊಳ್ಳುವುದಿಲ್ಲವೆಂದು ಹುಡುಗ ತೋರಿಸಿಕೊಟ್ಟ ಮೇಲೆ ಸೋತೆ. ಕೊನೆಗೆ ಎರಡನ್ನೂ ಕೊಂಡೆವು. ಯಾವುದನ್ನು ಒತ್ತಿದರೂ ಒಂದೇ ಮನೆಯ ಬಾಗಿಲು ತೆರೆಯುತ್ತದೆ.

ರೋಮನ್ ಲಿಪಿಯ ಹೆಸರಿನಲ್ಲಿ ಒಂದು ತೊಡಕಿದೆ. ನಮ್ಮ ನಿಲಯದ ಪೂರ್ಣ ಹೆಸರಿನಲ್ಲಿ ದೀರ್ಘಗಳೂ ಒತ್ತಕ್ಷರಗಳೂ ಹೇರಳವಾಗಿವೆ. ದೀರ್ಘಕ್ಕೆ ‘ಎ’ ಒಂದೋ ಎರಡೋ, ‘ಶ’ಕಾರಕ್ಕೆ ‘ಎಚ್’ ಬೇಕೋ ಬೇಡವೋ, ‘ವ’ಕಾರಕ್ಕೆ ‘ವಿ’ಯೋ ‘ಡಬ್ಲ್ಯು’ವೋ? ಮೂವರು ಸದಸ್ಯರು ಕಾಗದದ ಮೇಲೆ ಬರೆದರೆ ಮೂರು ಬಗೆಯಾಯಿತು. ದೂರವಾಣಿಯಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಬೇಕೆಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಊರಿನ ಹೆಸರು ಮತ್ತು ಒಂದು ಚಿಕ್ಕ ಪದವನ್ನು ಆರಿಸಿದೆವು.

ಅದಕ್ಕಿಂತ ಮುಖ್ಯವಾದುದು ಹೆಸರು ಯಾರದೆಂಬುದು. ಹೊಲಕ್ಕೆ ಪಹಣಿ ಇರುವಂತೆ ಹೆಸರಿಗೂ ನೋಂದಣಿ ದಾಖಲೆ ಇರುತ್ತದೆ. ಅದರಲ್ಲಿ ಮಾಲೀಕರ ಸ್ಥಾನದಲ್ಲಿ ನಮ್ಮ ಸಂಸ್ಥೆಯ ನೋಂದಾಯಿತ ಹೆಸರೇ ಇರಬೇಕು. ಮಿಂಚಂಚೆ ಸಂಸ್ಥೆಯದೇ ಆಗಿರಬೇಕು, ವ್ಯಕ್ತಿಯದಲ್ಲ. ಆ ಮಿಂಚಂಚೆಯನ್ನು ಕನಿಷ್ಠ ಇಬ್ಬರು ತೆರೆಯುವಂತಿರಬೇಕು. ಆ ಅಂಚೆ ಪೆಟ್ಟಿಗೆ ಈ ಹೊಸ ಹೆಸರನ್ನೇ ಅವಲಂಬಿಸಿರಬಾರದೆಂದೂ ಹುಡುಗ ಎಚ್ಚರಿಸಿದ; ಹೆಸರು ನಿಂತರೆ ಅಂಚೆಯೂ ನಿಲ್ಲುತ್ತದೆ, ಸೂಚನಾ ಪತ್ರ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಹೆಸರನ್ನು ಒಮ್ಮೆಗೆ ಹತ್ತು ವರ್ಷದವರೆಗೆ ಮಾತ್ರ ಕೊಳ್ಳಬಹುದು, ಶಾಶ್ವತವಾಗಿ ಕೊಳ್ಳುವಂತಿಲ್ಲ. ವರ್ಷಕ್ಕೆ ಸಾವಿರ ರೂಪಾಯಿಯ ಆಚೀಚೆ ಬೀಳುವ ಈ ವೆಚ್ಚವನ್ನು ನಾವು ವಿದ್ಯುತ್ ಬಿಲ್ಲಿನ ಪಕ್ಕದಲ್ಲೇ ವಾರ್ಷಿಕ ಆಯವ್ಯಯದ ಪಟ್ಟಿಯಲ್ಲಿ ಸೇರಿಸಿದೆವು. ಗುಪ್ತಪದಗಳನ್ನು ಬರೆದ ಲಕೋಟೆಯನ್ನು ಮೊಹರು ಹಾಕಿ, ಜಮೀನಿನ ಕಾಗದಪತ್ರಗಳಿರುವ ತಿಜೋರಿಯಲ್ಲಿ ಇಟ್ಟೆವು. ಅಧಿಕಾರ ಬದಲಾದಾಗ ಬೀಗದ ಕೈಗಳೊಡನೆ ಆ ಲಕೋಟೆಯೂ ಕೈ ಬದಲಿಸಬೇಕೆಂದು ಠರಾವಾಗಿದೆ.

ಪತ್ತಿನ ಸಂಘ ನಡೆಸುವವರಿಗೆ ಇಲ್ಲೊಂದು ಮಾತು. ಹೆಸರಿನ ಮೋಸ ಎಷ್ಟು ಬೆಳೆದಿದೆಯೆಂದರೆ, ಬ್ಯಾಂಕುಗಳೆಲ್ಲ ತಮ್ಮ ತಾಣಗಳನ್ನು 2025 ರ ಅಕ್ಟೋಬರ್ 31 ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಬಾಲಕ್ಕೆ ವರ್ಗಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಆ ಬಾಲದ ಹೆಸರು ಬ್ಯಾಂಕುಗಳಿಗಲ್ಲದೆ ಅನ್ಯರಿಗೆ ದೊರೆಯುವುದಿಲ್ಲ.

ಕಳೆದುಹೋದ ಹಳೆಯ ತಾಣದ ಬರಹಗಳು? ಅವುಗಳ ಪ್ರತಿ ನಮ್ಮಲ್ಲಿ ಇರಲಿಲ್ಲ. ಅಮೆರಿಕದ ಇಂಟರ್ನೆಟ್ ಆರ್ಕೈವ್ ಎಂಬ ಲಾಭರಹಿತ ಗ್ರಂಥಾಲಯವು 1996 ರಿಂದ ಜಗತ್ತಿನ ಜಾಲಪುಟಗಳ ಪ್ರತಿಗಳನ್ನು ತೆಗೆದಿಡುತ್ತಿದೆ. 2001 ರಿಂದ ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು. ಅಲ್ಲಿ ನಮ್ಮ ಹತ್ತಾರು ಪುಟಗಳು ಸಿಕ್ಕವು. ನಮ್ಮ ಊರ ನಿಲಯದ ಇತಿಹಾಸವನ್ನು ಪರದೇಶದ ಗ್ರಂಥಪಾಲಕರು ಕಾದಿಟ್ಟಿದ್ದರು. ನಮಗದು ಸಂತೋಷವೂ ಹೌದು, ನಾಚಿಕೆಯೂ ಹೌದು.

ಸಿಕ್ಕ ಪುಟಗಳನ್ನು ತೆರೆದಾಗ ಇನ್ನೊಂದು ಸಮಸ್ಯೆ ಎದ್ದುನಿಂತಿತು. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು, ಚುಕ್ಕೆಗಳು, ಕೊಕ್ಕೆಗಳು! ಇದರ ಕಾರಣವನ್ನು ನಮ್ಮ ಸಂಘಸಂಸ್ಥೆಗಳ ಕಚೇರಿಯವರೆಲ್ಲ ತಿಳಿದಿರುವುದು ಒಳ್ಳೆಯದು. ಹಿಂದೆ ನಾವು ಬಳಸುತ್ತಿದ್ದ ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಯಂತ್ರದ ದೃಷ್ಟಿಯಲ್ಲಿ ಅದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ. ಆ ವೇಷದ ಪೆಟ್ಟಿಗೆ ಇಲ್ಲದ ಗಣಕದಲ್ಲಿ ಬಣ್ಣ ಕಳಚಿಬೀಳುತ್ತದೆ. ಯೂನಿಕೋಡ್ ಎಂಬ ಸರ್ವಭಾಷಾ ಸಂಕೇತ ವ್ಯವಸ್ಥೆಯಲ್ಲಿ 1991 ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯಿದೆ. ಅದರಲ್ಲಿ ಬರೆದ ಕನ್ನಡ ಯಾವ ಮೊಬೈಲಿನಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ.

ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಉಪಕರಣಗಳು ಉಚಿತವಾಗಿವೆ. ಆದರೆ ಅವನ್ನು ನಂಬಿ ಕುಳಿತುಕೊಳ್ಳಲಾಗದು. ‘ಧರ್ಮ’ ಎಂಬ ಪದದಲ್ಲಿ ನಾವು ಉಚ್ಚರಿಸುವುದು ರೇಫೆಯನ್ನು ಮೊದಲು, ಮಕಾರವನ್ನು ಆಮೇಲೆ. ಬರೆಯುವಾಗ ಅರ್ಕಾವತ್ತು ಮಕಾರದ ಮುಂದೆ ನಿಲ್ಲುತ್ತದೆ. ಹಳೆಯ ವಿನ್ಯಾಸಗಳು ಕಣ್ಣಿಗೆ ಕಂಡ ಕ್ರಮವನ್ನು ಅನುಸರಿಸಿದವು. ಯೂನಿಕೋಡ್ ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ. ಹೀಗಾಗಿ ಬದಲಾವಣೆಯಲ್ಲಿ ಅರ್ಕಾವತ್ತುಗಳೂ ಒತ್ತಕ್ಷರಗಳೂ ಆಗಾಗ ಸ್ಥಾನ ತಪ್ಪುತ್ತವೆ. ಇಡೀ ಯೋಜನೆಯಲ್ಲಿ ನನ್ನಂಥವನಿಗೆ ಸಲ್ಲುವ ಕಾಯಕ ಇದೇ ಎಂದು ತಿಳಿದು, ಮೂರು ವಾರ ಕುಳಿತು ಪುಟಪುಟವನ್ನೂ ತಿದ್ದಿದೆ. ಉಚ್ಚಾರವೇ ಮೂಲ, ಲಿಪಿ ಅದರ ನೆರಳೆಂಬ ವೈಯಾಕರಣರ ಪಕ್ಷವನ್ನು ಯಂತ್ರವೂ ಎತ್ತಿಹಿಡಿದದ್ದು ಕಂಡು ಒಳಗೊಳಗೇ ಹಿಗ್ಗಿದ್ದೂ ಉಂಟು.

ಪ್ರಕಟಣೆಯ ಕಾಗದವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ತಾಣದಲ್ಲಿ ಅಂಟಿಸುವ ಚಾಳಿಯನ್ನೂ ಬಿಡಬೇಕೆಂದು ನಿಶ್ಚಯಿಸಿದೆವು. ಚಿತ್ರದೊಳಗಿನ ಅಕ್ಷರವನ್ನು ಅಂಧರಿಗೆ ಓದಿಹೇಳುವ ತಂತ್ರಾಂಶಗಳು ಸರಿಯಾಗಿ ಹಿಡಿಯಲಾರವು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳನ್ನು ವಿದ್ವಾಂಸರನ್ನಾಗಿ ಮಾಡಿದ ನಾಡು ನಮ್ಮದು. ಅಂಥ ನಾಡಿನ ನಿಲಯದ ಪ್ರಕಟಣೆ ಅಂಧ ವಿದ್ಯಾರ್ಥಿಗೆ ಕೇಳಿಸದಿದ್ದರೆ ಹೇಗೆ? 2016 ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಮಾಹಿತಿ ಎಲ್ಲರಿಗೂ ಎಟಕುವಂತಿರಬೇಕೆಂದು ಹೇಳುತ್ತದೆ.

ಸಮಿತಿಯಲ್ಲಿ ನಿಜವಾದ ಜಗಳವಾದದ್ದು ಭಾವಚಿತ್ರಗಳ ಬಗೆಗೆ. ಹಿರಿಯ ಸದಸ್ಯರೊಬ್ಬರು, ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಚಿತ್ರಗಳನ್ನು ಹಾಕಬೇಕು, ಪ್ರತಿಯೊಬ್ಬನ ಹೆಸರು, ಊರು, ತಂದೆಯ ಬಡತನದ ವಿವರ ಕೊಡಬೇಕು, ಅಂದರೆ ದಾನಿಗಳ ಮನ ಕರಗುತ್ತದೆ ಎಂದರು. ಅವರ ಉದ್ದೇಶ ಸಾತ್ವಿಕವೇ. ನಿಲಯದ ಅಕ್ಕಿಯ ಲೆಕ್ಕ ನೋಡುವವರು ಅವರೇ, ಸಾಲ ಎಷ್ಟಿದೆಯೆಂದು ಅವರಿಗೇ ಗೊತ್ತು. ಆದರೆ ನಾನು ಒಪ್ಪಲಾರದೆ ಹೋದೆ. ಕಾರಣವನ್ನು ಅಂದು ಸಭೆಯಲ್ಲಿ ಹೇಳಿದೆ, ಇಲ್ಲಿಯೂ ಹೇಳುತ್ತೇನೆ.

ನಾನೂ ಉಚಿತ ಪ್ರಸಾದದಿಂದ ಬೆಳೆದವನು. ಹನ್ನೆರಡರ ವಯಸ್ಸಿನಲ್ಲಿ ನಾನು ತಟ್ಟೆ ಹಿಡಿದು ನಿಂತ ಚಿತ್ರವೊಂದನ್ನು ಯಾರೋ ಅತಿಥಿಗಳು ತೆಗೆಸಿದ್ದರು. ಅದು ಪಾಠಶಾಲೆಯ ಪಡಸಾಲೆಯಲ್ಲಿ ಬಹಳ ಕಾಲ ತೂಗುತ್ತಿತ್ತು. ಪ್ರಸಾದ ಸ್ವೀಕರಿಸಿದ್ದಕ್ಕೆ ನನಗೆ ಎಂದೂ ಸಂಕೋಚವಿಲ್ಲ. ಆದರೆ ಊರಿನಿಂದ ಯಾರಾದರೂ ನೋಡಲು ಬಂದರೆ ಆ ಚಿತ್ರದ ಮುಂದೆಯೇ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಆ ಚಿತ್ರ ಒಂದು ಗೋಡೆಯ ಮೇಲೆ ಇತ್ತು. ಗೋಡೆಗೆ ಸುಣ್ಣ ಬಳಿದಾಗ ಇಳಿದುಹೋಯಿತು. ಜಾಲದಲ್ಲಿ ಹಾಕಿದ್ದು ಹಾಗೆ ಇಳಿಯುವುದಿಲ್ಲ. ಆ ಹುಡುಗ ನಾಳೆ ನೌಕರಿಗೆ ಹೋದಾಗ, ಕನ್ಯೆ ನೋಡಲು ಹೋದಾಗ, ಅವನ ಹೆಸರನ್ನು ಒತ್ತಿದವರಿಗೆ ಮೊದಲು ಕಾಣುವುದು ತಟ್ಟೆ. ದಾಸೋಹದಲ್ಲಿ ನೀಡುವವನಿಗಿಂತ ಉಣ್ಣುವವನು ಚಿಕ್ಕವನಾಗಬಾರದು.

ಸಭೆ ಇಬ್ಭಾಗವಾಯಿತು. ಆಗ ನಮ್ಮ ಹುಡುಗ 2023 ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ನೆನಪಿಸಿದ. ಅದರ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಅವರ ವಿವರಗಳನ್ನು ಬಳಸಲು ತಂದೆತಾಯಿಯರ ದೃಢೀಕೃತ ಸಮ್ಮತಿ ಬೇಕು. ಹಿರಿಯರು ಕಾಯಿದೆಗೆ ತಲೆಬಾಗಿದರು, ನನ್ನ ಮಾತಿಗಲ್ಲ. ಇರಲಿ. ಈಗ ಅಡಿಗೆ ಮನೆಯ ಒಲೆ, ಗ್ರಂಥಾಲಯದ ಕಪಾಟು, ಬೆಳಗಿನ ಪ್ರಾರ್ಥನಾ ಮಂದಿರದ ಚಿತ್ರಗಳಿವೆ. ಹಳೆಯ ವಿದ್ಯಾರ್ಥಿಗಳಲ್ಲಿ ಒಪ್ಪಿದವರು ತಮ್ಮ ಚಿತ್ರ, ತಮ್ಮ ಮಾತು ಕೊಟ್ಟಿದ್ದಾರೆ. ಬಂದದ್ದನ್ನು ನೋಡಿ ಆ ಹಿರಿಯರೇ, ‘ಇವೇ ಚಲೋ ಅದಾವ ಬಿಡ್ರಿ’ ಎಂದರು.

ಹಣದ ಪುಟದ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. 2016 ರಲ್ಲಿ ಯುಪಿಐ ಬಂದಂದಿನಿಂದ ಚೌಕಟ್ಟಿನ ಸಂಕೇತಚಿತ್ರವೊಂದಿದ್ದರೆ ಸಾಕಾಗಿದೆ. ಹಣ ಕಳಿಸುವ ಮುನ್ನ ಮೊಬೈಲಿನಲ್ಲಿ ಮೂಡುವ ಖಾತೆಯ ಹೆಸರು ಇಂಥದೇ ಆಗಿರಬೇಕೆಂದು ಸಂಕೇತಚಿತ್ರದ ಕೆಳಗೆ ಸ್ಪಷ್ಟವಾಗಿ ಬರೆದಿದ್ದೇವೆ. ಬೇರೆ ಹೆಸರು ಮೂಡಿದರೆ ಹಣ ಕಳಿಸದೆ ಕಚೇರಿಗೆ ತಿಳಿಸಬೇಕು. ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಗಳು ದಾನ ಕಳಿಸುತ್ತೇವೆಂದಾಗ ಒಂದು ಕಾನೂನಿನ ಸೂಕ್ಷ್ಮ ಎದುರಾಯಿತು. ಭಾರತದ ಪೌರತ್ವವನ್ನು ಉಳಿಸಿಕೊಂಡವರು ಬ್ಯಾಂಕಿನ ಮೂಲಕ ತಮ್ಮ ಸ್ವಂತ ಉಳಿತಾಯದಿಂದ ಕಳಿಸಿದ್ದು ವಿದೇಶಿ ವಂತಿಗೆಯಾಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರದಾದರೆ 2010 ರ ವಿದೇಶಿ ವಂತಿಗೆ ಕಾಯಿದೆಯ ಪ್ರಕಾರ ನೋಂದಣಿಯೋ ಅನುಮತಿಯೋ ಇಲ್ಲದೆ ಸ್ವೀಕರಿಸುವಂತಿಲ್ಲ. ನಮಗೆ ಅದಿಲ್ಲ, ಇಲ್ಲವೆಂದೇ ಪುಟದಲ್ಲಿ ಬರೆದಿದ್ದೇವೆ.

ನಮ್ಮ ಗ್ರಂಥಾಲಯದಲ್ಲಿ ಫ. ಗು. ಹಳಕಟ್ಟಿಯವರು 1926 ರಲ್ಲಿ ಆರಂಭಿಸಿದ ‘ಶಿವಾನುಭವ’ ಪತ್ರಿಕೆಯ ಹಳೆಯ ಸಂಪುಟಗಳಿವೆ. ಮುಟ್ಟಿದರೆ ಪುಡಿಯಾಗುವಂತಿವೆ. ಅವನ್ನು ಚಿತ್ರೀಕರಿಸಿ ತಾಣದಲ್ಲಿ ಇಡಬಹುದೇ ಎಂಬ ಪ್ರಶ್ನೆ ಬಂತು. ನಮ್ಮ ದೇಶದಲ್ಲಿ ಗ್ರಂಥಸ್ವಾಮ್ಯವು ಲೇಖಕರ ಮರಣದ ಮರುವರ್ಷದಿಂದ ಎಣಿಸಿ 60 ವರ್ಷ. ಹಳಕಟ್ಟಿಯವರು ಲಿಂಗೈಕ್ಯರಾದದ್ದು 1964 ರಲ್ಲಿ. ಅಂದರೆ 2024 ರ ಕೊನೆಗೆ ಅವಧಿ ಮುಗಿದು, 2025 ರ ಜನವರಿಯಿಂದ ಅವರ ಸ್ವಂತ ಬರಹಗಳು ಎಲ್ಲರವೂ ಆದವು. ಆದರೆ ಪತ್ರಿಕೆಯಲ್ಲಿ ಬರೆದ ಇತರ ಲೇಖಕರ ಲೆಕ್ಕ ಬೇರೆಬೇರೆ. ಒಬ್ಬೊಬ್ಬರ ಮರಣದ ಇಸವಿಯನ್ನು ಹುಡುಕಬೇಕು. ಆ ಪಟ್ಟಿಯನ್ನು ನಾನು ಮಾಡುತ್ತಿದ್ದೇನೆ. ಸದ್ಯಕ್ಕಂತೂ ಮುಗಿಯುವ ಕೆಲಸವಲ್ಲ. ಆದುದರಿಂದ ಅದನ್ನು ಎರಡನೆಯ ಹಂತಕ್ಕೆ ಬಿಟ್ಟಿದ್ದೇವೆ. ಎಲ್ಲವನ್ನೂ ಮೊದಲ ದಿನವೇ ತುಂಬಿಸುತ್ತೇವೆಂದು ಹೊರಟ ತಾಣಗಳು ಬಹುಕಾಲ ‘ಕಾಮಗಾರಿ ನಡೆದಿದೆ’ ಎಂಬ ಫಲಕವನ್ನೇ ಹೊತ್ತು ನಿಲ್ಲುತ್ತವೆ.

ತಾಣವನ್ನು ಯಾವ ಉಪಕರಣದಿಂದ ಕಟ್ಟಬೇಕೆಂಬುದನ್ನು ಹುಡುಗನಿಗೇ ಬಿಟ್ಟೆವು. ವರ್ಡ್‌ಪ್ರೆಸ್ ಎಂಬುದು ಬಹಳ ಪ್ರಸಿದ್ಧವಂತೆ. ಆದರೆ ಅದನ್ನು ಆಗಾಗ ನವೀಕರಿಸದಿದ್ದರೆ ಕಳ್ಳರು ನುಸುಳುತ್ತಾರೆ. ನಮ್ಮಲ್ಲಿ ನಿತ್ಯ ಕಾಯುವವರಿಲ್ಲದ ಕಾರಣ, ಚಲನೆಯಿಲ್ಲದ ಸರಳ ಪುಟಗಳನ್ನೇ ಮಾಡಿಕೊಟ್ಟ. ಒಟ್ಟು ಒಂಬತ್ತು ಪುಟಗಳು. ಎಲ್ಲದರ ಪ್ರತಿ ಕಚೇರಿಯ ಗಣಕದಲ್ಲೊಂದು, ಬೇರೆ ಊರಿನಲ್ಲಿರುವ ಸದಸ್ಯರ ಮನೆಯಲ್ಲೊಂದು ಇದೆ.

ಪ್ರತಿ ಪುಟದ ಕೆಳಗೆ, ಅದನ್ನು ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಇಸವಿ ಸಮೇತ ಇರುತ್ತದೆ. ಪರಿಶೀಲಿಸಬೇಕಾದವರು ಯಾರೆಂಬುದು ವಹಿಯಲ್ಲಿದೆ. ಪ್ರವೇಶದ ಪುಟ ಗುಮಾಸ್ತರದು, ದಾನದ ಪುಟ ಖಜಾಂಚಿಗಳದು, ಇತಿಹಾಸದ ಪುಟ ನನ್ನದು. ಪ್ರತಿ ತಿಂಗಳ ಸಭೆಯಲ್ಲಿ ಲೆಕ್ಕಪತ್ರ ಓದಿದ ತರುವಾಯ, ‘ತಾಣ ನೋಡಿದಿರಾ?’ ಎಂದು ಅಧ್ಯಕ್ಷರು ಮೂವರನ್ನೂ ಕೇಳುತ್ತಾರೆ. ಕಳೆದ ಸಭೆಯಲ್ಲಿ ಇಲ್ಲವೆಂದು ತಲೆಯಾಡಿಸಬೇಕಾಗಿ ಬಂದವನು ನಾನೊಬ್ಬನೇ.

ಉದ್ಘಾಟನೆಗೆ ಮುನ್ನ ಒಂದು ಪರೀಕ್ಷೆ ಮಾಡಿದೆವು. ಲೇಖನದ ಆರಂಭದಲ್ಲಿ ಹೇಳಿದ ಆ ತಾಯಿಯನ್ನೇ ಕರೆಯಿಸಿದೆವು. ಮಗನನ್ನು ನೋಡಲು ಅವರು ಬರುವವರಿದ್ದರು. ಅವರದೇ ಮೊಬೈಲನ್ನು ಅವರ ಕೈಗೆ ಕೊಟ್ಟು, ‘ಅವ್ವಾ, ಮುಂದಿನ ವರ್ಷದ ಅರ್ಜಿ ಎಂದು ಕೊಡಬೇಕು, ಹುಡುಕಿ ಹೇಳು’ ಎಂದೆವು. ಯಾರೂ ಬಾಯಿ ಬಿಡಕೂಡದೆಂದು ಹುಡುಗ ಎಚ್ಚರಿಸಿದ್ದ. ಅವರು ಮೇಲೆ ಕೆಳಗೆ ಸರಿಸಿದರು. ‘ಪ್ರವೇಶ ಪ್ರಕ್ರಿಯೆ’ ಎಂಬ ನನ್ನ ಶೀರ್ಷಿಕೆಯನ್ನು ಎರಡು ಸಲ ದಾಟಿ ಹೋದರು. ಕೊನೆಗೆ, ‘ಹುಡುಗರನ್ನ ಹಚ್ಚೂದು ಎಲ್ಲಿ ಬರದೀರಿ?’ ಎಂದು ಕೇಳಿದರು. ಆ ಶೀರ್ಷಿಕೆಯನ್ನು ನಾನೇ ಅಳಿಸಿ, ‘ಮಕ್ಕಳನ್ನು ನಿಲಯಕ್ಕೆ ಸೇರಿಸಲು’ ಎಂದು ಬರೆದೆ. ಮತ್ತೆ ಕೊಟ್ಟಾಗ ಒಂದೇ ಒತ್ತಿಗೆ ದಿನಾಂಕ ಓದಿದರು, ಇಸವಿ ಸಮೇತ.

ಹಳೆಯ ಹೆಸರು ನಮಗೆ ಮರಳಿ ಬಂದಿಲ್ಲ. ಕೊಂಡವರು ಕೇಳುವ ಬೆಲೆಯಲ್ಲಿ ನಿಲಯಕ್ಕೆ ಒಂದು ತಿಂಗಳ ಅಕ್ಕಿ ಬರುತ್ತದೆ. ನಮ್ಮ ಹಳೆಯ ದಿನದರ್ಶಿಕೆಗಳು ಇನ್ನೂ ಎಷ್ಟೋ ಮನೆಗಳ ಗೋಡೆಯ ಮೇಲಿವೆ. ಪಂಚಾಂಗದ ಹಾಳೆ ಹರಿದರೂ ಅದರ ಮೇಲಿನ ಭಾವಚಿತ್ರಕ್ಕಾಗಿ ಜನ ಅವನ್ನು ಉಳಿಸಿಕೊಂಡಿದ್ದಾರೆ. ಅವುಗಳ ಹಿಂಬದಿಯ ವಿಳಾಸದ ಮೇಲೆ ಅಂಟಿಸಲು ಹೊಸ ವಿಳಾಸದ ಚೀಟಿಗಳನ್ನು ಮುದ್ರಿಸಿದ್ದೇವೆ. ಈಗಿನ ಹುಡುಗರು ದೀಪಾವಳಿ ರಜೆಗೆ ಊರಿಗೆ ಹೋಗುವಾಗ ತಲಾ ಇಪ್ಪತ್ತೈದು ಚೀಟಿಗಳನ್ನು ಒಯ್ಯುತ್ತಿದ್ದಾರೆ.